ಹತ್ತಿಯೂ ಸಕ್ಕರೆ, ಗಂಜಿಯೂ ಸಕ್ಕರೆ

ಅಂಗಡಿಯಿಂದ ತಂದ ಹೊಸ ಟವೆಲ್ ಕೆಲವೊಮ್ಮೆ ಮೈಮೇಲಿನ ನೀರನ್ನು ಹೀರುವುದಿಲ್ಲ, ಆ ಕಡೆಯಿಂದ ಈ ಕಡೆಗೆ ಸವರುತ್ತದೆ ಅಷ್ಟೇ. ನಾಲ್ಕೈದು ಸಲ ಒಗೆದ ಮೇಲೆ ದಾರಿಗೆ ಬರುತ್ತದೆ. ಇದಕ್ಕೆ ಕಾರಣಗಳು ಒಂದೆರಡಲ್ಲ. ಅವುಗಳಲ್ಲಿ ಎಲ್ಲಕ್ಕಿಂತ ಹಳೆಯದು, ನೂಲಿಗೆ ಅಂಟಿಕೊಂಡು ಉಳಿದುಬಿಟ್ಟ ಗಂಜಿ. ಸೊಲ್ಲಾಪುರದಂಥ ಊರಿಗೆ ಇದು ಸಣ್ಣ ವಿಷಯವಲ್ಲ. ಅಲ್ಲಿನ ಚಾದರ, ಟೆರ್ರಿ ಟವೆಲ್ ಎರಡೂ ಊರಿನ ಹೆಸರಿನಲ್ಲೇ ಭೌಗೋಳಿಕ ಗುರುತು ಪಡೆದ ಸರಕುಗಳು. 1877ರಲ್ಲಿ ಶುರುವಾಗಿ ಜನರ ಬಾಯಲ್ಲಿ ‘ಜುನಿ ಮಿಲ್’ ಆದ ಗಿರಣಿ ಎಂದೋ ಮುಚ್ಚಿತು. ಆದರೆ ಮಗ್ಗದ ಸದ್ದು ನಿಲ್ಲಲಿಲ್ಲ, ಅಕ್ಕಲಕೋಟೆ ರಸ್ತೆಯ ಕೈಗಾರಿಕಾ ವಸಾಹತಿಗೆ ಸರಿಯಿತು. ಅಲ್ಲಿ ತೆಲುಗು, ಮರಾಠಿ, ಕನ್ನಡ ಮೂರೂ ಒಂದೇ ಶೆಡ್ಡಿನೊಳಗೆ ಕೇಳಿಬರುತ್ತವೆ.

ನೂಲಿಗೆ ಗಂಜಿ ಏಕೆ ಬೇಕು? ಮಗ್ಗದಲ್ಲಿ ಉದ್ದಕ್ಕೆ ಬಿಗಿದ ಹಾಸಿನ ಎಳೆಗಳು ಪ್ರತಿ ಹೊಡೆತಕ್ಕೂ ಮೇಲೆ ಕೆಳಗೆ ಎಳೆಸಿಕೊಳ್ಳುತ್ತವೆ, ಹಣಿಗೆಯ ಹಲ್ಲಿಗೆ ಉಜ್ಜಿಕೊಳ್ಳುತ್ತವೆ. ಬರೀ ನೂಲಾದರೆ ಜುಂಗೆದ್ದು ಹರಿದು ಹೋಗುತ್ತದೆ. ಅದಕ್ಕೇ ಹಾಸಿನ ನೂಲನ್ನು ಮೊದಲು ಗಂಜಿಯಲ್ಲಿ ಅದ್ದಿ ಒಣಗಿಸುತ್ತಾರೆ. ಅಡ್ಡ ಓಡುವ ಹೊಕ್ಕಿಗೆ ಈ ಉಪಚಾರ ಬೇಕಿಲ್ಲ. ಹೀಗೆ ಹಾಸಿನ ನೂಲಿನ ತೂಕದಲ್ಲಿ ನೂರಕ್ಕೆ ಹತ್ತರ ಆಸುಪಾಸಿನಷ್ಟು ಗಂಜಿ ಸೇರಿಕೊಳ್ಳುತ್ತದೆ. ಮಗ್ಗದಿಂದ ಬಟ್ಟೆ ಇಳಿದ ಕ್ಷಣದಿಂದ ಆ ಗಂಜಿಯೇ ಶತ್ರು. ಬ್ಲೀಚು ಒಳಗಿಳಿಯದು, ಬಣ್ಣ ಸಮನಾಗಿ ಹತ್ತದು, ಟವೆಲ್ ನೀರು ಕುಡಿಯದು. ಅಷ್ಟು ಶ್ರದ್ಧೆಯಿಂದ ಹಚ್ಚಿದ್ದನ್ನು ಅಷ್ಟೇ ಶ್ರದ್ಧೆಯಿಂದ ತೆಗೆಯಬೇಕು. ಹಚ್ಚುವುದಕ್ಕೆ ಸೈಜಿಂಗ್, ತೆಗೆಯುವುದಕ್ಕೆ ಡೀಸೈಜಿಂಗ್ ಎಂದು ಹೆಸರು.

ತೆಗೆಯುವುದು ಹಚ್ಚಿದಷ್ಟು ಸುಲಭವಲ್ಲ. ಗಂಜಿಯಲ್ಲಿರುವ ಪಿಷ್ಟ ಒಣಗಿದ ಮೇಲೆ ತಣ್ಣೀರಿಗೆ ಕರಗುವುದಿಲ್ಲ. ಹಿಂದಿನವರ ಒಂದು ಉಪಾಯವೆಂದರೆ ಬಟ್ಟೆಯನ್ನು ಬೆಚ್ಚಗಿನ ನೀರಿನಲ್ಲಿ ನೆನೆಹಾಕಿ ಕೊಳೆಯಲು ಬಿಡುವುದು. ನೀರಿನಲ್ಲಿರುವ ಸೂಕ್ಷ್ಮಜೀವಿಗಳೇ ಗಂಜಿಯನ್ನು ತಿಂದು ಮುಗಿಸುತ್ತಿದ್ದವು. ನಾತ ಒಂದು ತೊಂದರೆ. ಕೊಳೆಯುವುದು ಎಲ್ಲಿ ನಿಲ್ಲುತ್ತದೆ ಎಂದು ಯಾರಿಗೂ ಗೊತ್ತಾಗದಿರುವುದು ಅದಕ್ಕಿಂತ ದೊಡ್ಡ ತೊಂದರೆ. ಇನ್ನೊಂದು ಉಪಾಯ, ತೆಳು ಮಾಡಿದ ಗಂಧಕಾಮ್ಲ. ಅದು ಗಂಜಿಯನ್ನು ಬೇಗ ಒಡೆಯುತ್ತದೆ. ಆದರೆ ಸ್ವಲ್ಪ ಹೊತ್ತು ಹೆಚ್ಚಾದರೂ ಬಟ್ಟೆಯನ್ನೂ ಒಡೆಯುತ್ತದೆ.

ಏಕೆಂದರೆ ಆಮ್ಲದ ಕಣ್ಣಿಗೆ ಗಂಜಿಯೂ ಹತ್ತಿಯೂ ಹೆಚ್ಚು ಕಡಿಮೆ ಒಂದೇ. ಎರಡೂ ಗ್ಲೂಕೋಸ್ ಎಂಬ ಒಂದೇ ಸಕ್ಕರೆಯ ಸಾವಿರಾರು ತುಣುಕುಗಳು ಸರಪಳಿಯಾಗಿ ಕೂಡಿದ ವಸ್ತುಗಳು. ಹತ್ತಿಯಲ್ಲಿ ನೂರಕ್ಕೆ 90ರಷ್ಟು ಸೆಲ್ಯುಲೋಸ್. ಅದು ಪೂರ್ತಿ ಗ್ಲೂಕೋಸ್. ಗಂಜಿಯ ಪಿಷ್ಟವೂ ಪೂರ್ತಿ ಗ್ಲೂಕೋಸ್. ವ್ಯತ್ಯಾಸ ಇರುವುದು ಕೊಂಡಿಯಲ್ಲಿ ಮಾತ್ರ. ಶಾಲೆಯ ಮಕ್ಕಳು ಕೈಕೈ ಹಿಡಿದು ಎಲ್ಲರೂ ಒಂದೇ ಕಡೆ ಮುಖ ಮಾಡಿ ನಿಂತರೆ ಅದು ಪಿಷ್ಟ. ಒಬ್ಬರು ಬಿಟ್ಟು ಒಬ್ಬರು ಬೆನ್ನು ತಿರುಗಿಸಿ ನಿಂತರೆ ಅದು ಹತ್ತಿ. ಇಷ್ಟು ಸಣ್ಣ ತಿರುವಿನಿಂದ ಒಂದು ಸರಪಳಿ ಸುರುಳಿಯಾಗಿ ಸಡಿಲಗೊಂಡು ನಮ್ಮ ಹೊಟ್ಟೆಯಲ್ಲಿ ಜೀರ್ಣವಾಗುತ್ತದೆ. ಇನ್ನೊಂದು ನೆಟ್ಟಗೆ ನಿಂತು ಪಕ್ಕದ ಸರಪಳಿಗೆ ಬಿಗಿಯಾಗಿ ಅಂಟಿ, ಮನುಷ್ಯನ ಹೊಟ್ಟೆಗೆ ಜಗ್ಗದ ನಾರಾಗುತ್ತದೆ.

ಈ ತಿರುವನ್ನು ಗುರುತಿಸಬಲ್ಲದ್ದು ಕಿಣ್ವ. ಅಮೈಲೇಸ್ ಎಂಬ ಕಿಣ್ವ ಪಿಷ್ಟದ ಕೊಂಡಿಯನ್ನು ಮಾತ್ರ ಕತ್ತರಿಸುತ್ತದೆ, ಹತ್ತಿಯ ಕೊಂಡಿ ಅದಕ್ಕೆ ಒಗ್ಗುವುದೇ ಇಲ್ಲ. ಬಟ್ಟೆಯನ್ನು ಅದರಲ್ಲಿ ರಾತ್ರಿಯಿಡೀ ಬಿಟ್ಟರೂ ನೂಲಿಗೆ ಧಕ್ಕೆಯಿಲ್ಲ.

ಕಿಣ್ವಗಳ ಚರಿತ್ರೆ ಶುರುವಾಗುವುದೇ ಪಿಷ್ಟದಿಂದ. 1811ರಲ್ಲಿ, ಯುರೋಪಿಗೆ ಕಬ್ಬಿನ ಸಕ್ಕರೆ ದುರ್ಲಭವಾಗಿದ್ದ ಕಾಲದಲ್ಲಿ, ಸೇಂಟ್ ಪೀಟರ್ಸ್‌ಬರ್ಗಿನ ಗಾಟ್ಲೀಬ್ ಕಿರ್ಖಾಫ್ ಪಿಷ್ಟವನ್ನು ಆಮ್ಲದಲ್ಲಿ ಕುದಿಸಿ ಸಿಹಿ ಪಾಕ ಮಾಡಿ ತೋರಿಸಿದ. 1833ರಲ್ಲಿ ಫ್ರಾನ್ಸಿನ ಆನ್ಸೆಲ್ಮ್ ಪಾಯೆನ್ ಮತ್ತು ಪೆರ್ಸೋ ಮೊಳಕೆ ಬಂದ ಬಾರ್ಲಿಯಿಂದ ಒಂದು ಪದಾರ್ಥ ಬೇರ್ಪಡಿಸಿದರು. ಆಮ್ಲವಿಲ್ಲದೆಯೇ ಅದು ಪಿಷ್ಟವನ್ನು ಸಕ್ಕರೆ ಮಾಡುತ್ತಿತ್ತು. ಅದಕ್ಕೆ ಡಯಾಸ್ಟೇಸ್ ಎಂದು ಹೆಸರಿಟ್ಟರು. ಇಂದು ಅಮೈಲೇಸ್ ಎನ್ನುವುದು ಇದನ್ನೇ. ಮನುಷ್ಯ ಬೇರ್ಪಡಿಸಿದ ಮೊದಲ ಕಿಣ್ವ ಅದು. ಐದು ವರ್ಷಗಳ ನಂತರ, 1838ರಲ್ಲಿ, ಸಸ್ಯಗಳ ಗೋಡೆಯಿಂದ ಸೆಲ್ಯುಲೋಸನ್ನು ಬೇರ್ಪಡಿಸಿ ಹೆಸರು ಕೊಟ್ಟವನೂ ಇದೇ ಪಾಯೆನ್. ಗಂಜಿ ಒಡೆಯುವ ಕಿಣ್ವ, ಆ ಕಿಣ್ವಕ್ಕೆ ಬಗ್ಗದ ನಾರು ಎರಡೂ ಒಬ್ಬನ ಕೈಯಲ್ಲೇ ಬೆಳಕಿಗೆ ಬಂದದ್ದು ಸೊಲ್ಲಾಪುರದ ಟವೆಲಿನ ದೃಷ್ಟಿಯಿಂದ ನೋಡಿದರೆ ಸೊಗಸಾದ ಕಾಕತಾಳೀಯ.

ಬಟ್ಟೆಯವರು ಮೊದಲು ಬಳಸಿದ್ದೂ ಮೊಳಕೆ ಕಾಳಿನ ಸಾರವನ್ನೇ. ಅದು ದುಬಾರಿ. ಬಿಸಿ ಸ್ವಲ್ಪ ಏರಿದರೂ ಸತ್ತುಹೋಗುವಂಥದ್ದು ಬೇರೆ. 1894ರಲ್ಲಿ ಜಪಾನಿನ ಜೋಕಿಚಿ ತಕಾಮಿನೆ ಬೂಷ್ಟಿನಿಂದ ಡಯಾಸ್ಟೇಸ್ ತೆಗೆಯುವ ವಿಧಾನಕ್ಕೆ ಅಮೆರಿಕದಲ್ಲಿ ಪೇಟೆಂಟ್ ಪಡೆದ. ಅದು ಅಜೀರ್ಣದ ಔಷಧಿಯಾಗಿ ಹೆಸರು ಮಾಡಿತು. ನೇಕಾರಿಕೆಯ ದಿಕ್ಕು ಬದಲಿಸಿದವರು ಆಗಸ್ಟ್ ಬ್ವಾದಾಂ ಮತ್ತು ಜಾನ್ ಎಫ್ರಾಂ. ಬ್ಯಾಕ್ಟೀರಿಯಾ ಬೆಳೆಸಿ ಅದರಿಂದ ಅಮೈಲೇಸ್ ತೆಗೆಯುವ ಇವರ ವಿಧಾನಕ್ಕೆ 1917ರಲ್ಲಿ ಅಮೆರಿಕದ ಪೇಟೆಂಟ್ ಸಿಕ್ಕಿತು. ಬ್ಯಾಕ್ಟೀರಿಯಾದ ಕಿಣ್ವ ಬಿಸಿ ತಾಳುತ್ತಿತ್ತು, ಕೆಲಸ ಬೇಗ ಮುಗಿಸುತ್ತಿತ್ತು. ಗಿರಣಿಯವರಿಗೆ ಬೇಕಾಗಿದ್ದೂ ಅದೇ.

ಬ್ಯಾಕ್ಟೀರಿಯಾಕ್ಕೆ ಈ ವಿದ್ಯೆ ಯಾಕೆ ಬೇಕಾಯಿತು ಎಂಬುದಕ್ಕೆ ಉತ್ತರ ಅಕ್ಕಲಕೋಟೆಯ ಎರೆ ಹೊಲದಲ್ಲೇ ಇದೆ. ಜೋಳ ಕೊಯ್ದ ಮೇಲೆ ಕೂಳೆ, ಬೇರು, ಉದುರಿದ ಕಾಳು ಮಣ್ಣಿಗೆ ಸೇರುತ್ತವೆ. ಅದರಲ್ಲಿ ಆಹಾರ ಬೇಕಾದಷ್ಟಿದೆ, ಆದರೆ ಪಿಷ್ಟದ ಅಣು ಬ್ಯಾಕ್ಟೀರಿಯಾದ ಗೋಡೆ ದಾಟಲಾರದಷ್ಟು ದೊಡ್ಡದು. ಹಾಗಾಗಿ ಬ್ಯಾಸಿಲಸ್ ಜಾತಿಯ ಜೀವಿಗಳು ಅಡುಗೆಯನ್ನು ಮನೆಯ ಹೊರಗೇ ಮಾಡುತ್ತವೆ. ಕಿಣ್ವವನ್ನು ಮಣ್ಣಿಗೆ ಬಿಟ್ಟು, ಅಲ್ಲೇ ಪಿಷ್ಟವನ್ನು ತುಂಡರಿಸಿ, ಕರಗಿದ ಸಕ್ಕರೆಯನ್ನು ಒಳಗೆಳೆದುಕೊಳ್ಳುತ್ತವೆ. ಕಿಣ್ವ ಹೊರಗೇ ಸಿಗುವುದರಿಂದ ಉದ್ಯಮಕ್ಕೆ ಜೀವಕೋಶ ಒಡೆಯುವ ಖರ್ಚು ಉಳಿಯುತ್ತದೆ.

ಇಂಥ ಜೀವಿಯನ್ನು ಹುಡುಕುವುದು ಮೈಕ್ರೋಬಯಾಲಜಿ ಓದುವ ಕಾಲೇಜು ಹುಡುಗರ ಪ್ರಯೋಗಶಾಲೆಯ ಕೆಲಸ. ಮಣ್ಣನ್ನು ನೀರಿನಲ್ಲಿ ಕದಡಿ 80 ಡಿಗ್ರಿಯಲ್ಲಿ ಹತ್ತು ನಿಮಿಷ ಕಾಯಿಸಿದರೆ ಉಳಿದವೆಲ್ಲ ಬಹುಪಾಲು ಸಾಯುತ್ತವೆ. ಬ್ಯಾಸಿಲಸ್‌ಗಳು ಮಾತ್ರ ಗಟ್ಟಿ ಕವಚದ ಬೀಜಾಣುಗಳಾಗಿ ಬದುಕುತ್ತವೆ. ಪಿಷ್ಟ ಬೆರೆಸಿದ ತಟ್ಟೆಯಲ್ಲಿ ಅವನ್ನು ಬೆಳೆಸಿ ಮೇಲೆ ಅಯೋಡಿನ್ ಸುರಿದರೆ ಇಡೀ ತಟ್ಟೆ ನೀಲಿಗಪ್ಪಾಗುತ್ತದೆ. ಯಾವ ಚುಕ್ಕೆಯ ಸುತ್ತ ಬಣ್ಣವಿಲ್ಲದ ಬಳೆ ಮೂಡುತ್ತದೋ ಅಲ್ಲಿ ಪಿಷ್ಟ ಖಾಲಿಯಾಗಿದೆ ಎಂದರ್ಥ. ಬಳೆ ದೊಡ್ಡದಾದಷ್ಟೂ ಆ ಜೀವಿ ಕೆಲಸಗಾರ.

ಜೋಳದ ಮಾತು ಬಂತು. ಸೊಲ್ಲಾಪುರ ಸೀಮೆಯಲ್ಲಿ ಪಿಷ್ಟದ ಬಗ್ಗೆ ಬರೆದು ಜೋಳವನ್ನು ಬಿಟ್ಟರೆ ಊಟಕ್ಕೆ ಕರೆದು ರೊಟ್ಟಿ ಬಡಿಸದ ಹಾಗೆ. ಹಿಂಗಾರಿ ಜೋಳದಲ್ಲಿ ಇಂದಿಗೂ ದೊಡ್ಡ ಹೆಸರಾದ ಮಾಲದಂಡಿ, ಅಂದರೆ ಎಂ 35-1, ಆಯ್ಕೆಯಾದದ್ದು 1930ರ ದಶಕದಲ್ಲಿ, ಇದೇ ಜಿಲ್ಲೆಯ ಮೋಹೋಳದಲ್ಲಿ. ಪಕ್ಕದ ಮಂಗಳವೇಢೆಯ ಜೋಳಕ್ಕೂ ಭೌಗೋಳಿಕ ಗುರುತಿದೆ. ಚಳಿಗಾಲದಲ್ಲಿ ಹಾಲ್ದೆನೆಯನ್ನು ಕೆಂಡದಲ್ಲಿ ಸುಟ್ಟು, ತಿಕ್ಕಿ ತಿನ್ನುವ ಸೀತನಿ ಸಿಹಿಯಾಗಿರುತ್ತದೆ. ಎಲೆಯಿಂದ ಬಂದ ಸಕ್ಕರೆ ಇನ್ನೂ ಪೂರ್ತಿ ಪಿಷ್ಟವಾಗಿ ಕಟ್ಟಿಕೊಂಡಿರುವುದಿಲ್ಲ. ಹದಿನೈದು ಇಪ್ಪತ್ತು ದಿನ ಹೋಗಲಿ, ಅದೇ ಕಾಳು ಗಟ್ಟಿಯಾಗಿ ಸಿಹಿ ಕಳೆದುಕೊಂಡಿರುತ್ತದೆ. ಆ ಜೋಳದ ರೊಟ್ಟಿಯನ್ನು ಬಾಯಲ್ಲಿಟ್ಟು ಸಾವಕಾಶ ಅಗಿದರೆ ಸಿಹಿ ಮತ್ತೆ ಇಣುಕುತ್ತದೆ. ಅದು ಎಂಜಲಿನ ಅಮೈಲೇಸಿನ ಕೆಲಸ.

ರೊಟ್ಟಿ ಬಡಿಯುವವರು ಹಿಟ್ಟಿಗೆ ಎಸರು ಹಾಕುವುದರಲ್ಲೂ ಇದೇ ರಸಾಯನಶಾಸ್ತ್ರವಿದೆ. ಜೋಳದಲ್ಲಿ ಗೋಧಿಯ ಅಂಟಿಲ್ಲ. ಕುದಿನೀರು ಬಿದ್ದಾಗ ಪಿಷ್ಟದ ಕಣಗಳು ಉಬ್ಬಿ ಒಡೆದು ಹಿಟ್ಟನ್ನು ಹಿಡಿದಿಡುತ್ತವೆ. ಪಿಷ್ಟದಿಂದ ಸಕ್ಕರೆ ಪಾಕ ಮಾಡುವ ಕಾರ್ಖಾನೆಯ ಕಿಣ್ವಕ್ಕೂ ಹೀಗೆ ಬೆಂದ ಪಿಷ್ಟವೇ ಬೇಕು, ಹಸಿ ಕಣದೊಳಗೆ ಅದು ನುಗ್ಗಲಾರದು. ಜೋಳದ ಪಿಷ್ಟ ಮೆಕ್ಕೆಜೋಳದ್ದಕ್ಕಿಂತ ಹೆಚ್ಚು ಬಿಸಿ ಕೇಳುತ್ತದೆ. ಸುತ್ತ ಕಟ್ಟಿಕೊಂಡ ಪ್ರೋಟೀನೂ ದಾರಿ ಬಿಡುವುದಿಲ್ಲ. ಅಷ್ಟಕ್ಕೂ ಮಾಲದಂಡಿಯನ್ನು ಪಾಕಕ್ಕೆ ಹಾಕುವಷ್ಟು ಅಗ್ಗವಾಗಿ ಯಾರೂ ಮಾರುವುದಿಲ್ಲ. ಪಾಕದ ಕಾರ್ಖಾನೆಗಳು ಮೆಕ್ಕೆಜೋಳದ ಹಿಂದೆ ಹೋದದ್ದಕ್ಕೆ ಇವೂ ಕಾರಣ.

ಅಂಥ ಕಾರ್ಖಾನೆಯೊಂದು ಗೋಕಾಕದಲ್ಲಿದೆ. ರಿದ್ಧಿ ಸಿದ್ಧಿ ಗ್ಲೂಕೋ ಬಯಾಲ್ಸ್ ಕಟ್ಟಿದ, ಆಮೇಲೆ ಫ್ರಾನ್ಸಿನ ರೋಕೆಟ್ ಕಂಪನಿಯ ಕೈಗೆ ಹೋದ ಘಟಕ ಅದು. ದಾವಣಗೆರೆಯಲ್ಲಿ ಕಾರ್ಗಿಲ್ ಕಂಪನಿಯ ಘಟಕವಿದೆ. ಇಂಥ ಕಡೆ ನಡೆಯುವ ಕ್ರಮ ಸಾಮಾನ್ಯವಾಗಿ ಹೀಗೆ: ನೀರಿನಲ್ಲಿ ಕಲಸಿದ ಪಿಷ್ಟಕ್ಕೆ ಬ್ಯಾಸಿಲಸ್ ಲೈಕೆನಿಫಾರ್ಮಿಸ್‌ನ ಅಮೈಲೇಸ್ ಬೆರೆಸಿ, ಹಬೆ ನುಗ್ಗಿಸಿ ಸುಮಾರು 105 ಡಿಗ್ರಿಗೆ ಏರಿಸುತ್ತಾರೆ. ಕೆಲವು ನಿಮಿಷಗಳ ನಂತರ 95 ಡಿಗ್ರಿಗೆ ಇಳಿಸಿ ಒಂದೆರಡು ಗಂಟೆ ಬಿಡುತ್ತಾರೆ. ಈ ಬ್ಯಾಕ್ಟೀರಿಯಾ ಸ್ವತಃ ಅಷ್ಟು ಬಿಸಿಯಲ್ಲಿ ಬದುಕಲಾರದು. ಅದರ ಕಿಣ್ವ ಮಾತ್ರ ಯಜಮಾನನಿಗಿಂತ ಗಟ್ಟಿಗ. ಗಂಜಿ ತೆಳುವಾದ ಮೇಲೆ 60 ಡಿಗ್ರಿಗೆ ತಣಿಸಿ, ಸ್ವಲ್ಪ ಹುಳಿ ಮಾಡಿ, ಆಸ್ಪರ್ಜಿಲಸ್ ಎಂಬ ಬೂಷ್ಟಿನ ಗ್ಲುಕೋಅಮೈಲೇಸ್ ಹಾಕಿದರೆ ಒಂದೆರಡು ದಿನಗಳಲ್ಲಿ ಬಹುಪಾಲು ಗ್ಲೂಕೋಸ್. ಪೆಪ್ಪರಮಿಂಟು, ಕೆಮ್ಮಿನ ಸಿರಪ್ಪು, ಬಿಸ್ಕತ್ತು ಎಲ್ಲೆಲ್ಲೂ ಇಂಥ ಪಾಕ ಹರಿದು ಬರುತ್ತದೆ.

ಕಿಣ್ವ ಮಾಡುವ ವಿದ್ಯೆಯೂ ಕರ್ನಾಟಕಕ್ಕೆ ಹೊಸತಲ್ಲ. ಬೆಂಗಳೂರಿನಲ್ಲಿ 1978ರಲ್ಲಿ ಶುರುವಾದ ಬಯೋಕಾನ್ ಮೊದಲು ಮಾಡಿದ ಸರಕುಗಳಲ್ಲಿ ಪಪ್ಪಾಯಿ ಹಾಲಿನ ಕಿಣ್ವವೂ ಒಂದು. ಕಿಣ್ವದ ವ್ಯಾಪಾರವನ್ನು ಅದು 2007ರಲ್ಲಿ ಡೆನ್ಮಾರ್ಕಿನ ನೋವೋಜೈಮ್ಸ್‌ಗೆ ಮಾರಿತು. ಮೈಸೂರಿನ ಕೇಂದ್ರೀಯ ಆಹಾರ ತಂತ್ರಜ್ಞಾನ ಸಂಶೋಧನಾ ಸಂಸ್ಥೆಯಲ್ಲಿ (ಸಿಎಫ್‌ಟಿಆರ್‌ಐ) ಬಿ.ಕೆ. ಲೋನ್ಸಾನೆ ಮತ್ತು ಎಂ.ವಿ. ರಮೇಶ್ ಹಿಡಿದ ದಾರಿ ಇನ್ನೂ ಕುತೂಹಲದ್ದು. ದೊಡ್ಡ ಟ್ಯಾಂಕುಗಳ ದ್ರವದಲ್ಲಿ ಬೆಳೆಸುವ ಬದಲು, ತೇವ ಮಾಡಿದ ಗೋಧಿ ತವುಡಿನ ಮೇಲೆ ಬ್ಯಾಸಿಲಸ್ ಲೈಕೆನಿಫಾರ್ಮಿಸ್ ಎಂ 27 ತಳಿಯನ್ನು ಬೆಳೆಸಿ, ಬಿಸಿ ತಾಳುವ ಅಮೈಲೇಸ್ ಅಗ್ಗವಾಗಿ ಸಿಗುತ್ತದೆಂದು ತೋರಿಸಿದರು. 1990ರ ಹೊತ್ತಿಗೆ ಬಂದ ಅವರ ಬರಹಗಳನ್ನು ಘನ ಮಾಧ್ಯಮದ ಹುದುಗುವಿಕೆಯ ಮೇಲೆ ಕೆಲಸ ಮಾಡುವವರು ಇಂದಿಗೂ ಉಲ್ಲೇಖಿಸುತ್ತಾರೆ.

ಬಟ್ಟೆಯ ಕೆಲಸ ಇಷ್ಟು ನಾಜೂಕಿನದಲ್ಲ. 60–70 ಡಿಗ್ರಿ ಬಿಸಿಯ, ಹುಳಿಯೂ ಅಲ್ಲದ ಕ್ಷಾರವೂ ಅಲ್ಲದ ನೀರು. ಅದಕ್ಕೆ ಕಿಣ್ವ, ಚೂರು ಉಪ್ಪು, ಬಟ್ಟೆ ಬೇಗ ನೆನೆಯುವಂತೆ ಮಾಡುವ ಸೋಪಿನಂಥ ಪದಾರ್ಥ. ಬಟ್ಟೆಯನ್ನು ಅದರಲ್ಲಿ ಅದ್ದಿ, ಸುರುಳಿ ಸುತ್ತಿ, ಪ್ಲಾಸ್ಟಿಕ್ ಹೊದಿಸಿ ಕೆಲವು ಗಂಟೆ ಬಿಟ್ಟು, ಬಿಸಿನೀರಿನಲ್ಲಿ ತೊಳೆಯುವುದು. ಪೂರ್ತಿ ಗ್ಲೂಕೋಸ್ ಆಗಬೇಕೆಂಬ ಹಟವಿಲ್ಲ, ನೀರಿಗೆ ಕರಗುವಷ್ಟು ತುಂಡಾದರೆ ಸಾಕು. ಕೆಲಸ ಮುಗಿಯಿತೋ ಇಲ್ಲವೋ ನೋಡುವುದಕ್ಕೆ ಇಲ್ಲೂ ಅಯೋಡಿನ್ನೇ ಬೇಕು. ಒಂದು ಹನಿ ಬಿಟ್ಟು, ಮೂಡಿದ ಬಣ್ಣವನ್ನು ಜರ್ಮನಿಯ ಟೆಗೆವಾ ಪಟ್ಟಿಯ 1ರಿಂದ 9ರ ಛಾಯೆಗಳಿಗೆ ಹೋಲಿಸುತ್ತಾರೆ. ಕಡುನೀಲಿಯಾದರೆ 1, ಬಣ್ಣವೇ ಬಾರದಿದ್ದರೆ 9. ಆಮ್ಲದ ಕಾಲದಂತೆ ಬಟ್ಟೆಯಿಂದ ಹುಳಿ ಹೋಗುವವರೆಗೆ ಮತ್ತೆ ಮತ್ತೆ ತೊಳೆಯಬೇಕಿಲ್ಲ. ಎಷ್ಟೋ ದಿನಗಳಿಗೊಮ್ಮೆ ನಲ್ಲಿಯಲ್ಲಿ ನೀರು ಕಾಣುವ ಸೊಲ್ಲಾಪುರದಂಥ ಊರಿಗೆ ಇದು ಕಡಿಮೆ ಲಾಭವೇನಲ್ಲ.

ಆದರೆ ಆ ಗಂಜಿ ಎಲ್ಲಿಗೆ ಹೋಯಿತು? ಗೋಕಾಕದಲ್ಲಿ ಡ್ರಮ್ಮಿಗೆ ತುಂಬಿ ಮಾರುವ ಸಕ್ಕರೆಯ ಹತ್ತಿರದ ಬಂಧುಗಳೇ ಇಲ್ಲಿ ಚರಂಡಿಯ ಪಾಲು. ವಿಷವೇನೂ ಅಲ್ಲ, ತೊಂದರೆ ಇರುವುದು ಅದು ಅತಿ ಒಳ್ಳೆಯ ಆಹಾರವಾಗಿರುವುದರಲ್ಲಿ. ಸಕ್ಕರೆ ಸಿಕ್ಕ ನೀರಿನ ಸೂಕ್ಷ್ಮಜೀವಿಗಳು ಮಿತಿಮೀರಿ ಬೆಳೆದು ಮೀನಿಗೆ ಬೇಕಾದ ಆಮ್ಲಜನಕವನ್ನೆಲ್ಲ ಮುಗಿಸುತ್ತವೆ. ಹತ್ತಿ ಬಟ್ಟೆಯ ಸಂಸ್ಕರಣೆಯಲ್ಲಿ ಹೊರಬೀಳುವ ಇಂಥ ಸಾವಯವ ಹೊರೆಯ ಸುಮಾರು ಅರ್ಧದಷ್ಟು ಗಂಜಿ ತೆಗೆದ ನೀರಿನಿಂದಲೇ ಬರುತ್ತದೆ. ಬಣ್ಣದ ನೀರು ಕಣ್ಣಿಗೆ ಹೊಡೆಯುವುದರಿಂದ ಬೈಗುಳವೆಲ್ಲ ಅದಕ್ಕೆ ಹೋಗುತ್ತದೆ, ಬಣ್ಣವಿಲ್ಲದ ಈ ನೀರು ತಪ್ಪಿಸಿಕೊಳ್ಳುತ್ತದೆ. ಸೊಲ್ಲಾಪುರ ಇರುವುದು ಸೀನಾ ನದಿಯ ಕಣಿವೆಯಲ್ಲಿ. ಸೀನಾ ಕೂಡಲದ ಬಳಿ ಭೀಮೆಯನ್ನು ಸೇರುತ್ತದೆ. ಭೀಮೆ ಮುಂದೆ ವಿಜಯಪುರ, ಕಲಬುರಗಿ ಜಿಲ್ಲೆಗಳಿಗೆ ಬರುವ ನದಿ. ನೀರನ್ನು ಗಾಳಿಯಾಡಿಸಿ, ಶುದ್ಧಿ ಮಾಡಿ ಬಿಡುವ ಘಟಕಗಳ ಮಹತ್ವ ಇಲ್ಲಿದೆ.

ಆ ಸಕ್ಕರೆಯನ್ನು ಅಲ್ಲೇ ದುಡಿಸಿಕೊಳ್ಳುವ ಪ್ರಯತ್ನಗಳೂ ಎರಡು ದಶಕಗಳಿಂದ ಪ್ರಯೋಗಶಾಲೆಗಳಲ್ಲಿ ನಡೆದಿವೆ. ಗಂಜಿ ತೆಗೆದ ನೀರಿಗೆ ಗ್ಲುಕೋಅಮೈಲೇಸ್ ಹಾಕಿ ತುಣುಕುಗಳನ್ನು ಗ್ಲೂಕೋಸ್ ಮಾಡುವುದು, ಆಮೇಲೆ ಗ್ಲೂಕೋಸ್ ಆಕ್ಸಿಡೇಸ್ ಎಂಬ ಇನ್ನೊಂದು ಕಿಣ್ವ ಬೆರೆಸಿ ಗಾಳಿ ಊದುವುದು. ಗ್ಲೂಕೋಸ್ ಗ್ಲುಕೋನಿಕ್ ಆಮ್ಲವಾಗುತ್ತದೆ, ಜೊತೆಗೆ ಹೈಡ್ರೋಜನ್ ಪೆರಾಕ್ಸೈಡ್ ಹುಟ್ಟುತ್ತದೆ. ಬಟ್ಟೆಯನ್ನು ಬಿಳಿ ಮಾಡಲು ಗಿರಣಿಗಳು ಕ್ಯಾನುಗಟ್ಟಲೆ ಕೊಳ್ಳುವುದು ಇದನ್ನೇ. ಹುಟ್ಟಿದ ಗ್ಲುಕೋನಿಕ್ ಆಮ್ಲವೂ ದಂಡವಲ್ಲ. ನೀರಿನಲ್ಲಿರುವ ಕಬ್ಬಿಣದಂಥ ಲೋಹಗಳನ್ನು ಕಟ್ಟಿಹಾಕಿ, ಪೆರಾಕ್ಸೈಡ್ ಸುಮ್ಮನೆ ಒಡೆದು ಹಾಳಾಗದಂತೆ ಅದು ಕಾಯುತ್ತದೆ. ಹೀಗೆ ಸಿಕ್ಕ ಬಿಳುಪು ಮಾಮೂಲಿ ಬ್ಲೀಚಿನಷ್ಟು ಇರುವುದಿಲ್ಲ, ಕಿಣ್ವದ ಖರ್ಚೂ ಹೆಚ್ಚು. ಅದರ ಜೊತೆ ಪೈಪೋಟಿಗೆ ನಿಂತಿರುವ ಪೆರಾಕ್ಸೈಡ್ ಮಾರುಕಟ್ಟೆಯಲ್ಲಿ ಅಗ್ಗದ ರಾಸಾಯನಿಕ. ಲೆಕ್ಕ ಕೂಡಿಬರುವವರೆಗೆ ಗಿರಣಿಯವರು ಕ್ಯಾನನ್ನೇ ಕೊಳ್ಳುತ್ತಾರೆ.