ಗ್ರೇಡು ಕೊಟ್ಟ ಸೂತ್ರ

2020ರ ಆಗಸ್ಟ್‌ನಲ್ಲಿ ಲಂಡನ್ನಿನ ಪಾರ್ಲಿಮೆಂಟ್ ಸ್ಕ್ವೇರ್‌ನಲ್ಲಿ ವಿದ್ಯಾರ್ಥಿಗಳು ಪ್ರತಿಭಟಿಸಿದ್ದು ಒಂದು ಅಲ್ಗಾರಿದಮ್ ವಿರುದ್ಧ! ಕೋವಿಡ್‌ನಿಂದ ಎ-ಲೆವೆಲ್, ಅಂದ್ರೆ ನಮ್ಮ ಪಿಯುಸಿಯಂಥ ಪರೀಕ್ಷೆ, ರದ್ದಾಗಿತ್ತು. ಶಿಕ್ಷಕರು ಅಂದಾಜಿಸಿದ ಗ್ರೇಡುಗಳನ್ನು ಇಂಗ್ಲೆಂಡಿನ ಪರೀಕ್ಷಾ ನಿಯಂತ್ರಕ ಆಫ್‌ಕ್ವಾಲ್ ಹೆಚ್ಚಾಗಿ ಶಾಲೆಯ ಹಳೇ ಫಲಿತಾಂಶ ನೋಡಿ ತಿದ್ದಿತು. ಹಿಂದಿನ ಬ್ಯಾಚುಗಳು ಸುಮಾರಾಗಿದ್ದರೆ, ಈ ಸಲದ ಜಾಣೆಗೂ ಏಟು. ಸುಮಾರು ಶೇ. 39ರಷ್ಟು ಗ್ರೇಡುಗಳು ಇಳಿದವು.

ಒಂದು ವಿಷಯಕ್ಕೆ ಐದೋ ಅದಕ್ಕಿಂತ ಕಡಿಮೆಯೋ ಮಕ್ಕಳಿದ್ದರೆ ಮಾತ್ರ ಶಿಕ್ಷಕರ ಅಂದಾಜೇ ಉಳಿಯಿತು. ಸಣ್ಣ ಸ್ಯಾಂಪಲ್ ನಂಬಬೇಡಿ ಅಂತ ಲ್ಯಾಬಿನಲ್ಲಿ ನಾವೂ ಹೇಳ್ತೀವಿ, ಲೆಕ್ಕ ಸರಿಯೇ. ಆದರೆ ಅಷ್ಟು ಚಿಕ್ಕ ತರಗತಿಗಳು ಹೆಚ್ಚಾಗಿ ಇರೋದು ಖಾಸಗಿ ಶಾಲೆಗಳಲ್ಲಿ! 13ರಂದು ಬಂದ ಫಲಿತಾಂಶವನ್ನು ಸರ್ಕಾರ 17ಕ್ಕೆ ಕೈಬಿಟ್ಟಿತು. ಅಷ್ಟರಲ್ಲಿ ಕೆಲವರ ಯೂನಿವರ್ಸಿಟಿ ಸೀಟು ಕೈತಪ್ಪಿತ್ತು.