ಶ್ರೇಯಾಂಕವೂ ವಿದ್ಯಾಲಯದ ಆಯ್ಕೆಯೂ

ಬಿ. ಎ. ಮುಗಿಯುವ ಮೊದಲೇ ನಮ್ಮಲ್ಲಿ ಹಲವರಿಗೆ ಎಂ. ಬಿ. ಎ. ಯ ಹಂಬಲ ಹುಟ್ಟಿದೆ. ಯಾವ ವಿದ್ಯಾಲಯವೆಂದು ಕೇಳಿದರೆ ಎಲ್ಲರೂ ಶ್ರೇಯಾಂಕದ ಪಟ್ಟಿಯನ್ನೇ ತೋರಿಸುವರು. ಆ ಅಂಕಿ ಹುಟ್ಟುವ ಬಗೆಯನ್ನು ವಿಚಾರಿಸಿದವರು ವಿರಳ.

ಕೇಂದ್ರ ಸರ್ಕಾರದ ಎನ್. ಐ. ಆರ್. ಎಫ್. ಪಟ್ಟಿ ಮೊದಲು ಹೊರಬಂದುದು 2016ರಲ್ಲಿ. ಮ್ಯಾನೇಜ್‌ಮೆಂಟ್ ವಿಭಾಗದ ಅಗ್ರಸ್ಥಾನ ಆಗ ಬೆಂಗಳೂರಿನ ಐ. ಐ. ಎಂ. ಗೇ ದೊರೆಯಿತು. ಅದರಲ್ಲಿ ನೂರಕ್ಕೆ 30 ಭಾಗ ಬೋಧನೆ-ಸೌಕರ್ಯಗಳಿಗೆ, 30 ಸಂಶೋಧನೆಗೆ, 20 ಮಾತ್ರ ವಿದ್ಯಾರ್ಥಿಗಳ ತೇರ್ಗಡೆ-ಸಂಬಳಗಳಿಗೆ. ಸಂಶೋಧನೆ ಹಿರಿದೇ ಸರಿ. ಆದರೆ ಎರಡು ವರ್ಷ ಓದಿ ಕೆಲಸ ಹಿಡಿಯಬೇಕಾದ ನನಗೆ ಪ್ರಾಧ್ಯಾಪಕರ ಪ್ರಬಂಧಗಳು ಸಂಬಳಕ್ಕಿಂತ ಹೆಚ್ಚು ತೂಗಬೇಕೆ?

ಜಾಹೀರಾತುಗಳಲ್ಲಿ ಮೆರೆಯುವ ‘ಸರಾಸರಿ ಸಂಬಳ’ವಂತೂ ಇನ್ನೂ ಮೋಸದ್ದು. ಒಂಬತ್ತು ಮಂದಿಗೆ ನಾಲ್ಕು ಲಕ್ಷ, ಒಬ್ಬನಿಗೆ ನಲವತ್ತನಾಲ್ಕು ಲಕ್ಷ ದೊರೆತರೆ ಸರಾಸರಿ ಎಂಟು ಲಕ್ಷ! ಆ ಎಂಟು ಲಕ್ಷವನ್ನು ಪಡೆದವನು ಮಾತ್ರ ಒಬ್ಬನೂ ಇಲ್ಲ. ಸಾಲಿನ ನಡುವೆ ನಿಂತವನ ಸಂಬಳವನ್ನು, ಅಂದರೆ ಮಧ್ಯಾಂಕವನ್ನು, ಕೇಳಬೇಕು. ಎನ್. ಐ. ಆರ್. ಎಫ್. ಗೆ ವಿದ್ಯಾಲಯಗಳು ಅದನ್ನೇ ಒಪ್ಪಿಸುತ್ತವೆ.

ನಮ್ಮ ತಂದೆಯವರು ಹೊಲವನ್ನು ಅಡವಿಡಲು ಸಿದ್ಧರಿದ್ದಾರೆ. ಮನೆಯಲ್ಲಿ ಓದಿದವರು ಬೇರಾರೂ ಇಲ್ಲವಾದುದರಿಂದ ಲೆಕ್ಕವನ್ನು ನಾನೇ ಹಾಕಬೇಕು. ಮೊದಲ ಹತ್ತು ಸ್ಥಾನಗಳ ಮಟ್ಟಿಗೆ ಪಟ್ಟಿಯನ್ನು ನಂಬುವೆನು. ಅರುವತ್ತನೆಯದೋ ಎಪ್ಪತ್ತನೆಯದೋ ಎಂಬಲ್ಲಿ ಶುಲ್ಕವನ್ನೂ ಮಧ್ಯಾಂಕವನ್ನೂ ಪಕ್ಕಪಕ್ಕದಲ್ಲಿ ಬರೆದು ನೋಡುವೆನು.