ಕ್ಲಿಕ್ ಮಾಡುವ ಮುಂಚೆ



"ಪ್ರತಿ ಕಾರ್ಯಕ್ರಮದಲ್ಲೂ ಕ್ಯಾಮೆರಾ ಹಿಡಿದು ಓಡಾಡ್ತೀರಲ್ಲ, ಫೋಟೋ ಚೆನ್ನಾಗಿ ಬರೋದು ಹೇಗೆ ಅಂತ ಒಂದು ಪುಟ ಬರೆದುಕೊಡಿ" ಎಂದು ಸಂಪಾದಕರು ಕೇಳಿದ್ದಾರೆ. ನಾನೇನೂ ವೃತ್ತಿನಿರತ ಛಾಯಾಗ್ರಾಹಕನಲ್ಲ. ವಾರವೆಲ್ಲ ಸಾಫ್ಟ್‌ವೇರ್, ವಾರಾಂತ್ಯಕ್ಕೆ ಕ್ಯಾಮೆರಾ. ಇಷ್ಟು ವರ್ಷಗಳಲ್ಲಿ ಕಲಿತಿದ್ದನ್ನು, ಅದರಲ್ಲೂ ಕೆಡಿಸಿ ಕಲಿತಿದ್ದನ್ನು, ಇಲ್ಲಿ ಹಂಚಿಕೊಳ್ಳುತ್ತೇನೆ.

1998ರಲ್ಲಿ ಕ್ಯಾಲಿಫೋರ್ನಿಯಾಕ್ಕೆ ಬಂದಾಗ ನನ್ನ ಹತ್ತಿರ ಇದ್ದದ್ದು ಒಂದು ಪುಟ್ಟ ರೀಲ್ ಕ್ಯಾಮೆರಾ. ಒಂದು ರೀಲಿಗೆ 36 ಚಿತ್ರ, ತೊಳೆಸುವ ಖರ್ಚು ಬೇರೆ. ಹಾಗಾಗಿ ಗುಂಡಿ ಒತ್ತುವ ಮುಂಚೆ ಎರಡು ಸಲ ಯೋಚನೆ ಮಾಡುತ್ತಿದ್ದೆ. 2003ರಲ್ಲಿ ಕ್ಯಾನನ್ ಕಂಪನಿ ಸಾವಿರ ಡಾಲರ್ ಒಳಗೆ ಡಿಜಿಟಲ್ ರೆಬೆಲ್ ತಂದಿತು. ಹೆಂಡತಿಗೆ ಏನೇನೋ ಸಮಜಾಯಿಷಿ ಹೇಳಿ ಕೊಂಡುಬಿಟ್ಟೆ. ಒಂದೇ ದಿನ 600 ಫೋಟೋ! ಯೋಚನೆ ಮಾಡುವ ಅಭ್ಯಾಸ ಅಲ್ಲಿಗೆ ಮುಗಿಯಿತು.

2004ರ ರಾಜ್ಯೋತ್ಸವ, ಒಂದು ಶಾಲೆಯ ಆಡಿಟೋರಿಯಂ. ಏಳು ವರ್ಷದ ಹುಡುಗಿಯೊಬ್ಬಳು ಮೊದಲ ಸಲ ಭರತನಾಟ್ಯಕ್ಕೆ ವೇದಿಕೆ ಹತ್ತಿದ್ದಳು. ನಾನು ಹದಿನೈದನೇ ಸಾಲಿನಲ್ಲಿ ಕೂತು ಫ್ಲಾಶ್ ಹಾಕಿ ಹೊಡೆದದ್ದೇ ಹೊಡೆದದ್ದು. ಮನೆಗೆ ಬಂದು ನೋಡಿದರೆ ಮುಂದಿನ ಸಾಲಿನವರ ತಲೆಗಳು ಬೆಳ್ಳಗೆ ಹೊಳೆಯುತ್ತಿವೆ, ವೇದಿಕೆ ಕತ್ತಲು, ಮಗು ಹೊಗೆಯ ಹಾಗೆ ಕಲಸಿಹೋಗಿದೆ. ಮೈಸೂರಿನಲ್ಲಿ ಅಜ್ಜಿ-ತಾತ ಆ ಫೋಟೋಗೆ ಕಾಯುತ್ತಿದ್ದರಂತೆ. "ಪರವಾಗಿಲ್ಲ ಬಿಡಿ" ಅಂದರು ಆಕೆಯ ತಾಯಿ. ಆದರೆ ಮುಖ ಬಾಡಿತ್ತು. ಅವತ್ತು ರಾತ್ರಿ ನನಗೆ ನಿದ್ದೆ ಬರಲಿಲ್ಲ.

ತಪ್ಪು ಎಲ್ಲಾಯಿತು? ಕ್ಯಾಮೆರಾದ ಪುಟ್ಟ ಫ್ಲಾಶ್ ಬೆಳಕು ಮೂರು-ನಾಲ್ಕು ಮೀಟರ್ ಹೋಗುವಷ್ಟರಲ್ಲಿ ಸೋತುಹೋಗುತ್ತದೆ. ದೂರ ಎರಡು ಪಟ್ಟಾದರೆ ಬೆಳಕು ಕಾಲು ಭಾಗಕ್ಕೆ ಇಳಿಯುತ್ತದೆ. ಇದು ಹೈಸ್ಕೂಲಿನಲ್ಲಿ ಓದಿದ್ದ ಭೌತಶಾಸ್ತ್ರವೇ, ನನಗೆ ನೆನಪಾಗಿರಲಿಲ್ಲ ಅಷ್ಟೆ! ಫ್ಲಾಶ್ ಆರಿಸಿ, ಐಎಸ್ಓ 1600ಕ್ಕೆ ಏರಿಸಿ, ಎಫ್ 1.8 ಅಗಲದ 50 ಎಂಎಂ ಲೆನ್ಸ್ ಹಾಕಿ, ಶಟರನ್ನು ಸೆಕೆಂಡಿನ 1/250 ಭಾಗಕ್ಕೆ ಇಟ್ಟು ಮುಂದೆ ಹೋಗಿ ಕೂತರೆ ಕೈ-ಕಾಲು ಸ್ಪಷ್ಟವಾಗಿ ಸಿಗುತ್ತವೆ. ಇನ್ನೊಂದು ವಿಷಯ, ಹಿಂದಿನ ಕಪ್ಪು ಪರದೆ ನೋಡಿ ಕ್ಯಾಮೆರಾ ಮೋಸ ಹೋಗುತ್ತದೆ. ಎಲ್ಲವನ್ನೂ ಬೂದು ಬಣ್ಣಕ್ಕೆ ತರಲು ಹೋಗಿ ಮುಖವನ್ನು ಸುಣ್ಣ ಬಳಿದ ಹಾಗೆ ಮಾಡಿಬಿಡುತ್ತದೆ. ಹಾಗಾಗಿ ಬೆಳಕನ್ನು ಮುಖದ ಮೇಲೆಯೇ ಅಳೆಯಬೇಕು.

ಇಷ್ಟೆಲ್ಲ ಮಾಡಿದರೂ ಚಿತ್ರ ಸಪ್ಪೆಯಾಗಿಯೇ ಬರುತ್ತಿತ್ತು. ಕಾರಣ, ಕಣ್ಣು ನೋಡಿ ಬೆರಳು ಒತ್ತುವಷ್ಟರಲ್ಲಿ ಸೆಕೆಂಡಿನ ಐದನೇ ಒಂದು ಭಾಗ ಕಳೆದಿರುತ್ತದೆ. ಭಂಗಿ ಕಂಡ ಮೇಲೆ ಒತ್ತಿದರೆ ಭಂಗಿ ಮುಗಿದಿರುತ್ತದೆ! ಬರುವುದಕ್ಕೆ ಮುಂಚೆಯೇ ಗೊತ್ತಿರಬೇಕು. ಅಂದಿನಿಂದ ರಿಹರ್ಸಲ್‌ಗೆ ಹೋಗಿ ಮೂಲೆಯಲ್ಲಿ ಕೂರುವ ಅಭ್ಯಾಸ ಮಾಡಿಕೊಂಡೆ. ಗುರುಗಳ ನಟ್ಟುವಾಂಗದ ಜೊತೆ ತೊಡೆಯ ಮೇಲೆ ತಾಳ ಹಾಕುತ್ತ, ತೀರ್ಮಾನದ ಕೊನೆಯ ಪೆಟ್ಟಿಗೆ ನರ್ತಕಿ ಒಂದು ಗಳಿಗೆ ನಿಲ್ಲುವುದನ್ನು ಗುರುತಿಸಲು ಕಲಿತೆ.

ಒಮ್ಮೆ ಯೊಸೆಮಿಟಿಗೆ ಹೋದಾಗ ಅಲ್ಲಿನ ಆನ್ಸೆಲ್ ಆಡಮ್ಸ್ ಗ್ಯಾಲರಿಗೆ ಹೊಕ್ಕೆ. ಆತನ ಒಂದು ಕಥೆ ನನಗೆ ಬಹಳ ಇಷ್ಟ. 1941ರ ನವೆಂಬರ್ ಸಂಜೆ, ನ್ಯೂ ಮೆಕ್ಸಿಕೋದ ಹರ್ನಾಂಡೆಜ್ ಎಂಬ ಹಳ್ಳಿ. ಚಂದ್ರ ಮೇಲೆದ್ದಿದ್ದಾನೆ, ಸ್ಮಶಾನದ ಶಿಲುಬೆಗಳ ಮೇಲೆ ಕೊನೆಯ ಬಿಸಿಲು. ಅವಸರದಲ್ಲಿ ಬೆಳಕು ಅಳೆಯುವ ಮೀಟರ್ ಸಿಗಲಿಲ್ಲ. ಚಂದ್ರನ ಬೆಳಕಿನ ಪ್ರಮಾಣ ಆಡಮ್ಸ್‌ಗೆ ಬಾಯಿಪಾಠ ಇತ್ತು. ಅಲ್ಲೇ ಲೆಕ್ಕ ಹಾಕಿ ಒಂದು ಚಿತ್ರ ತೆಗೆದ. ಎರಡನೆಯದಕ್ಕೆ ಸಿದ್ಧವಾಗುವಷ್ಟರಲ್ಲಿ ಬಿಸಿಲು ಹೋಗಿತ್ತು. ಆ ಒಂದೇ ನೆಗೆಟಿವನ್ನು ಮುಂದೆ ಹಲವು ದಶಕ ಮತ್ತೆ ಮತ್ತೆ ಪ್ರಿಂಟ್ ಮಾಡುತ್ತ, ಆಕಾಶವನ್ನು ಇನ್ನಷ್ಟು ಗಾಢ ಮಾಡುತ್ತ ಹೋದ. ಅದೃಷ್ಟ ಅನ್ನುವವರು ಅನ್ನಲಿ, ಬಾಯಿಪಾಠ ಇರದಿದ್ದರೆ ಅದೃಷ್ಟ ಬಂದೂ ಪ್ರಯೋಜನವಿರಲಿಲ್ಲ.

2013ರಲ್ಲಿ ಅದೇ ಹುಡುಗಿಯ ರಂಗಪ್ರವೇಶದ ಚಿತ್ರಗಳನ್ನು ತೆಗೆದೆ. ಈ ಸಲ ಚೆನ್ನಾಗಿ ಬಂದವು. ಆಲ್ಬಮ್ ಮೈಸೂರಿಗೂ ಹೋಯಿತು. ಆದರೆ ತಾತ ಅಷ್ಟರಲ್ಲಿ ತೀರಿಕೊಂಡಿದ್ದರು.

ಇಷ್ಟು ಕಲಿತವನು ಮನೆಯಲ್ಲೇ ಸೋತೆ. 2008ರಲ್ಲಿ ಅಪ್ಪ ಹಾಸನದಿಂದ ಬಂದು ಆರು ತಿಂಗಳು ಇದ್ದರು. ಗೋಲ್ಡನ್ ಗೇಟ್, ಯೊಸೆಮಿಟಿ, ಲಾಸ್ ವೇಗಸ್... ಎಲ್ಲ ಕಡೆ "ಇಲ್ಲಿ ನಿಂತ್ಕೊಳಿ ಅಪ್ಪಾ, ಸ್ವಲ್ಪ ನಗಿ" ಎಂದು ನೂರಾರು ಫೋಟೋ ತೆಗೆದೆ. 2011ರಲ್ಲಿ ಅವರು ಹೋದಾಗ ಗೋಡೆಗೆ ಹಾಕಲು ಒಂದು ಫೋಟೋ ಹುಡುಕಿದರೆ, ಎಲ್ಲದರಲ್ಲೂ ಸ್ವೆಟರ್ ಹಾಕಿಕೊಂಡು ಪಾಸ್‌ಪೋರ್ಟ್ ಫೋಟೋದ ಹಾಗೆ ನೆಟ್ಟಗೆ ನಿಂತಿದ್ದಾರೆ. "ನೀನು ತೆಗೆದದ್ದರಲ್ಲಿ ಅಪ್ಪ ನಿನಗೆ ಹೆದರಿಕೊಂಡು ನಿಂತಿದ್ದಾರೆ ಕಣೋ" ಅಂದ ಅಣ್ಣ.

ಕೊನೆಗೆ ಊರಿನ ಮನೆಯ ಗೋಡೆಗೆ ಹೋದದ್ದು ಆಗ ಆರು ವರ್ಷದವಳಾಗಿದ್ದ ನನ್ನ ಮಗಳು ನನ್ನ ಹಳೇ ಕ್ಯಾಮೆರಾದಲ್ಲಿ ತೆಗೆದ ಚಿತ್ರ. ಅಪ್ಪ ಅಡಿಗೆಮನೆಯ ಕಿಟಕಿ ಪಕ್ಕ ಕೂತು ಅವರೆಕಾಳು ಹಿತುಕುತ್ತಿದ್ದಾರೆ. ಒಂದು ಕಾಳು ಬೆರಳಿನಿಂದ ಚಿಮ್ಮಿದೆ, ಅದನ್ನು ನೋಡಿ ಅವರಿಗೆ ನಗು ಬಂದುಬಿಟ್ಟಿದೆ. ಫ್ರೇಮ್ ವಾರೆಯಾಗಿದೆ, ಕೈ ಸ್ವಲ್ಪ ಮಸುಕು. ಆದರೆ ಅದು ನಮ್ಮಪ್ಪನೇ. ಮೊಮ್ಮಗಳು ಎದುರಿಗಿದ್ದಾಗ ಅವರು ಯಾರಿಗೂ ಪೋಸ್ ಕೊಡಬೇಕಿರಲಿಲ್ಲ.

ಆಮೇಲೆ ನಮ್ಮ ಮೈಸೂರಿನ ಟಿ.ಎಸ್. ಸತ್ಯನ್ (1923-2009) ಅವರ ಚಿತ್ರಗಳನ್ನು ಹೊಸದಾಗಿ ನೋಡಿದೆ. ಆಟವಾಡುವ ಮಕ್ಕಳು, ಬೀದಿಯ ಜನ, ಅವರವರ ಕೆಲಸದಲ್ಲಿ ಮುಳುಗಿದವರು. ಕ್ಯಾಮೆರಾ ಅಲ್ಲಿದೆ ಎಂಬ ಗೊಡವೆಯೇ ಇಲ್ಲ. ತಂತ್ರ ಕೈಗೆ ಬಂದಮೇಲೆ ಕಲಿಯಬೇಕಾದ್ದು ಸುಮ್ಮನೆ ಪಕ್ಕದಲ್ಲಿರುವುದನ್ನು ಅಂತ ನನಗೆ ಅರ್ಥವಾಗಲು ಹತ್ತು ವರ್ಷ ಬೇಕಾಯಿತು.

ಈ ಬೇಸಿಗೆಗೂ ನಿಮ್ಮಲ್ಲಿ ಹಲವರ ಮನೆಗೆ ತಂದೆ-ತಾಯಿ ಬರುತ್ತಾರೆ. ದೊಡ್ಡ ಕ್ಯಾಮೆರಾ ಬೇಡ, ಜೇಬಿನ ಫೋನ್ ಸಾಕು. ಲೆನ್ಸ್ ಒರೆಸಿ. ಅವರು ಕಿಟಕಿಗೆ ಬೆನ್ನು ಮಾಡದೆ, ಬೆಳಕು ಪಕ್ಕದಿಂದ ಬೀಳುವ ಹಾಗೆ ಕೂತಿರಲಿ. ತರಕಾರಿ ಹೆಚ್ಚುವಾಗ, ಹೂ ಕಟ್ಟುವಾಗ, ಪೇಪರ್ ಓದುವಾಗ ಮಾತಾಡಿಸುತ್ತಲೇ ತೆಗೆಯಿರಿ. ಚೆನ್ನಾಗಿರುವ ಹತ್ತನ್ನು ಪ್ರಿಂಟ್ ಹಾಕಿಸಿ, ಹಿಂದೆ ಹೆಸರು, ತಾರೀಖು ಬರೆದಿಡಿ. ಒಂದೆರಡು ಸಲ ಫೋನನ್ನು ಮಕ್ಕಳ ಕೈಗೂ ಕೊಡಿ.

ಮುಂದಿನ ಕಾರ್ಯಕ್ರಮದಲ್ಲಿ ಸಿಗೋಣ. ನಾನು ಮೊದಲ ಸಾಲಿನ ತುದಿಯಲ್ಲಿ, ತಾಳ ಹಾಕುತ್ತ ಕೂತಿರುತ್ತೇನೆ!